ಬಾಣಂತಿ ಕೋಣೆಯಲ್ಲಿ ಈಗ ಅಮ್ಮ ಮಲಗುತ್ತಾಳೆ

ಕೊಪ್ಪ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದು ಸಣ್ಣ ಕೋಣೆಯಿದೆ. ಅದಕ್ಕೆ ಬಾಣಂತಿ ಕೋಣೆ ಎಂದೇ ಹೆಸರು. ಗಾಳಿ ಆಡಬಾರದೆಂದು ಮೇಲುಗಡೆ ಅಂಗೈ ಅಗಲದ ಒಂದೇ ಬೆಳಕಿಂಡಿ, ಬಚ್ಚಲೊಲೆಯ ಕಾವು ತಾಗಲೆಂದು ಆ ಬದಿಗೆ ತೆಳ್ಳಗಿನ ಮಣ್ಣಿನ ಗೋಡೆ, ತೊಟ್ಟಿಲು ತೂಗುಹಾಕಲು ತೊಲೆಯಲ್ಲಿ ಎರಡು ಕಬ್ಬಿಣದ ಕೊಂಡಿಗಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿಬಂದ ಅಜ್ಜಿ ಉಳಿದ ಎಂಟು ಮಕ್ಕಳನ್ನು ಈ ಕೋಣೆಯಲ್ಲಿಯೇ ಹೆತ್ತಳು. ಮೂವರು ಅತ್ತೆಯಂದಿರು ಒಬ್ಬರಾದ ಮೇಲೊಬ್ಬರು ಬಂದು ಇಲ್ಲಿ ಬಾಣಂತನ ಮಾಡಿಸಿಕೊಂಡು ಹೋದರು. 1998ರಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗಳನ್ನು ಹೆತ್ತ ನನ್ನನ್ನೂ ಹತ್ತು ದಿನ ಕಳೆಯುತ್ತಲೇ ಕಾರಿನಲ್ಲಿ ಕರೆತಂದು ಇಲ್ಲಿಯೇ ಮಲಗಿಸಿದರು. ಬೆಳಿಗ್ಗೆ ಎಣ್ಣೆ ತಿಕ್ಕಿ, ಹಂಡೆಯಿಂದ ನೀರು ಹೊಯ್ದು, ಸೊಂಟಕ್ಕೆ ಹಳೆಯ ಸೀರೆ ಬಿಗಿದು, ಕೆಂಡದ ಮೇಲೆ ಲೋಬಾನ ಹಾಕಿ ಕೂದಲು ಆರಿಸುತ್ತಿದ್ದ ಅಮ್ಮನ ಕೈಯ ಬಿಸುಪು ನನಗೆ ಈಗಲೂ ನೆನಪಿದೆ. ಆ ತೊಲೆಗೆ ಕಟ್ಟಿದ ತೊಟ್ಟಿಲಿನಲ್ಲಿ ಮಲಗಿದ ಕೊನೆಯ ಕೂಸು ನನ್ನ ಮಗಳು. ಎರಡು ವರ್ಷದ ಹಿಂದೆ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ, ಬಚ್ಚಲು ಹತ್ತಿರ, ಮೆಟ್ಟಿಲು ಹತ್ತುವಂತಿಲ್ಲ ಎಂಬ ಕಾರಣಕ್ಕೆ, 79 ವರ್ಷದ ಅಮ್ಮ ಆ ಕೋಣೆಗೆ ಮಂಚ ಹಾಕಿಸಿಕೊಂಡಿದ್ದಾಳೆ.

ಅಜ್ಜಿಗೆ ಒಂಬತ್ತು, ಅಮ್ಮನಿಗೆ ಎರಡು, ನನಗೆ ಒಂದು. 27 ವರ್ಷದ ನನ್ನ ಮಗಳು ಮದುವೆಯ ಬಗ್ಗೆಯೇ ಇನ್ನೂ ತೀರ್ಮಾನಿಸಿಲ್ಲ; ಮಕ್ಕಳು ಬೇಕೇ ಎಂಬ ಪ್ರಶ್ನೆಗೆ ಅವಳ ಉತ್ತರ ಸದ್ಯಕ್ಕೆ ಮೌನ. ಕರ್ನಾಟಕದ ಎಷ್ಟೋ ಮನೆಗಳ ಲೆಕ್ಕ ಹೆಚ್ಚುಕಡಿಮೆ ಹೀಗೆಯೇ ಇಳಿದುಬಂದಿದೆ. 1992-93ರಲ್ಲಿ ನಡೆದ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 2.85 ಮಕ್ಕಳಿದ್ದರೆ, 2019-21ರ ಐದನೆಯ ಸಮೀಕ್ಷೆಯಲ್ಲಿ ಅದು 1.7ಕ್ಕೆ ಬಂದಿತ್ತು. ಇಡೀ ದೇಶದ ಸರಾಸರಿ ಇದೇ ಅವಧಿಯಲ್ಲಿ 3.4ರಿಂದ 2.0ಕ್ಕೆ ಇಳಿಯಿತು. ತಂದೆತಾಯಿಯ ಜಾಗವನ್ನು ಮಕ್ಕಳು ಸರಿಯಾಗಿ ತುಂಬಬೇಕಾದರೆ ಈ ಸಂಖ್ಯೆ 2.1ರ ಆಸುಪಾಸಿನಲ್ಲಿರಬೇಕು ಎಂಬುದು ಜನಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕ. ನಾವು ಆ ಗೆರೆಯಿಂದ ಕೆಳಗಿಳಿದು ವರ್ಷಗಳೇ ಆದವು.

ಜನ ಹೆಚ್ಚಾದರು ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಪಕ್ಕದಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಬರಹ. ಶಾಲೆಯ ಪ್ರಬಂಧ ಸ್ಪರ್ಧೆಗೆ ‘ಜನಸಂಖ್ಯಾ ಸ್ಫೋಟ’ ಎಂಬ ವಿಷಯ. ಮನೆ ತುಂಬ ಮಕ್ಕಳಿರಲಿ ಎಂದು ಹರಸುತ್ತಿದ್ದ ಊರಿನಲ್ಲಿಯೇ ಚಿಕ್ಕ ಸಂಸಾರವೇ ಸುಖೀ ಸಂಸಾರ ಎಂದು ಗೋಡೆಗಳು ಹೇಳತೊಡಗಿದ್ದವು. ಈಗ ಐವತ್ತು ದಾಟಿದ ಮೇಲೆ ಇದಕ್ಕೆ ವಿರುದ್ಧವಾದ ಮಾತು ಕೇಳಿಸುತ್ತಿದೆ: ಮಕ್ಕಳು ಸಾಲದು, ಇನ್ನೂ ಹೆರಬೇಕು. ಎರಡು ಮಾತುಗಳನ್ನೂ ಆಡಿದವರು ಹೆಚ್ಚಾಗಿ ಗಂಡಸರು, ಎರಡರಲ್ಲೂ ಲೆಕ್ಕಕ್ಕೆ ಬಂದದ್ದು ಹೆಣ್ಣಿನ ಹೊಟ್ಟೆ. ಹುಟ್ಟಿದವರನ್ನು ಸಾಕುವವರು, ಮುಪ್ಪಾದವರನ್ನು ಎತ್ತಿ ಕೂರಿಸುವವರು ಯಾರು, ಆ ಕೆಲಸಕ್ಕೆ ಅವರಿಗೆ ಸಿಗುವುದೇನು ಎಂಬುದು ಎರಡು ವಾದಗಳಲ್ಲಿಯೂ ಬರುವುದಿಲ್ಲ. ನನ್ನ ಅಳಲು ಇದೊಂದೇ.

ಒಂಬತ್ತರಿಂದ ಎರಡಕ್ಕೆ ಬಂದ ದಾರಿಯನ್ನು ಸ್ವಲ್ಪ ನೋಡಬೇಕು, ಏಕೆಂದರೆ ಆ ದಾರಿಯ ಆರಂಭದಲ್ಲಿ ನಮ್ಮ ನಾಡಿನ ಹೆಸರಿದೆ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡುವ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಜಗತ್ತಿನಲ್ಲಿ ಒಂದು ಸರ್ಕಾರವೇ ಮುಂದೆ ನಿಂತು ಹೀಗೆ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ಸ್ವಾತಂತ್ರ್ಯ ಬಂದ ಮೇಲೆ, 1951-52ರಲ್ಲಿ, ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ಮೈಸೂರು ರಾಜ್ಯದ ಹಳ್ಳಿ ಪಟ್ಟಣಗಳಲ್ಲಿ ದೊಡ್ಡದೊಂದು ಜನಸಂಖ್ಯಾ ಅಧ್ಯಯನ ನಡೆಸಿದವು. ಹಲವು ಮಕ್ಕಳಾದ ದಂಪತಿಗಳಲ್ಲಿ ಬಹಳ ಮಂದಿ ‘ಇನ್ನು ಸಾಕು’ ಎಂದೇ ಹೇಳಿದ್ದರು. ಅವರಿಗೆ ಗೊತ್ತಿಲ್ಲದೇ ಇದ್ದದ್ದು ದಾರಿ ಮಾತ್ರ. ಅದೇ ಕಾಲಕ್ಕೆ ರಾಮನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸುತ್ತಾ, ಮಣಿಯ ಬಣ್ಣ ನೋಡಿ ಗರ್ಭ ನಿಲ್ಲಬಹುದಾದ ದಿನ ಯಾವುದು, ನಿಲ್ಲದ ದಿನ ಯಾವುದು ಎಂದು ತಿಳಿದುಕೊಳ್ಳಲು ಕಲಿಸಿದರು. ಪ್ರಯೋಗ ಹೆಚ್ಚು ಫಲ ಕೊಡಲಿಲ್ಲ. ಆದರೂ ನಸುಕಿಗೆ ಎದ್ದು ದನದ ಕೆಲಸ ಮುಗಿಸಿ, ಗೂಟಕ್ಕೆ ನೇತುಹಾಕಿದ ಸರದ ಮುಂದೆ ನಿಂತು, ನಿನ್ನೆ ಮಣಿ ಸರಿಸಿದ್ದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳುತ್ತಿದ್ದಿರಬಹುದಾದ ಆ ಹೆಂಗಸಿನ ಚಿತ್ರ ನನ್ನ ಕಣ್ಣೆದುರಿಗೆ ಬರುತ್ತಲೇ ಇರುತ್ತದೆ. ಅವಳು ಮರೆತರೆ ಅವಳೇ ಹೊರಬೇಕಿತ್ತು.

1952ರಲ್ಲಿ ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಆರಂಭವಾಯಿತು. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಅವುಗಳಲ್ಲಿ ಹೆಚ್ಚಿನವು ಗಂಡಸರಿಗೆ, ಬಹಳಷ್ಟು ಬಲವಂತದಿಂದ. ಆ ಕ್ರೌರ್ಯಕ್ಕೆ ಜನ ಮತದಾನದಲ್ಲಿ ಉತ್ತರ ಕೊಟ್ಟರು. ಸರ್ಕಾರಗಳೂ ಪಾಠ ಕಲಿತವು. ಆದರೆ ಕಲಿತ ಪಾಠ ಗಂಡಸರನ್ನು ಮುಟ್ಟಬಾರದು ಎಂಬುದಾಗಿತ್ತು. ಅಲ್ಲಿಂದ ಮುಂದೆ ಹೊರೆ ಪೂರ್ತಿಯಾಗಿ ಹೆಂಗಸರ ಮೇಲೆ ಬಿತ್ತು. 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ‘ಆಪರೇಷನ್’ ಮಾಡಿಸಿಕೊಂಡವರು. ಗಂಡಸರ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ. ಮಾತ್ರೆ, ವಂಕಿ, ನಿರೋಧ್ ಎಲ್ಲವೂ ಇದ್ದರೂ, ಬೇಗ ಮದುವೆಯಾಗಿ, ಬೇಗ ಎರಡು ಹೆತ್ತು, ಇಪ್ಪತ್ತೈದರ ಆಚೆಈಚೆಯಲ್ಲಿಯೇ ಆಪರೇಷನ್ ಮಾಡಿಸಿಕೊಂಡು ಮುಗಿಸುವುದೇ ನಮ್ಮಲ್ಲಿ ರೂಢಿಯಾಗಿಬಿಟ್ಟಿತು.

ಅಮ್ಮ ತನ್ನ ಆಪರೇಷನ್ನಿನ ಬಗ್ಗೆ ನನ್ನೊಡನೆ ಮಾತಾಡಿದ್ದು ಒಂದೇ ಸಲ. ನಾನು ಹುಟ್ಟಿದ ಮೇಲೆ ಅವಳು ಅಪ್ಪನಿಗೂ ಹೇಳದೆ ಮೊದಲು ಅಜ್ಜಿಯ ಹತ್ತಿರ ಕೇಳಿದಳಂತೆ. ಒಂಬತ್ತು ಹೆತ್ತ ಅಜ್ಜಿ ಬೇಡ ಎನ್ನುತ್ತಾಳೆ ಎಂದೇ ಅವಳು ಅಂದುಕೊಂಡಿದ್ದಳು. ಅಜ್ಜಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ‘ಹೋಗಿ ಮಾಡಿಸ್ಕೊಂಡು ಬಾ. ಮನೆ ನಾನು ನೋಡ್ಕೊಳ್ತೇನೆ’ ಎಂದಳಂತೆ. ದೇಶದ ಜನನ ಪ್ರಮಾಣ ಇಳಿದದ್ದಕ್ಕೆ ಶಿಕ್ಷಣ, ಲಸಿಕೆ, ಶಿಶುಮರಣದ ಇಳಿಕೆ, ನಗರ, ರೇಡಿಯೊ, ಟಿವಿ ಎಂದು ಎಷ್ಟೋ ಕಾರಣಗಳನ್ನು ಪಟ್ಟಿ ಮಾಡುತ್ತಾರೆ, ಅವೆಲ್ಲವೂ ನಿಜ. ಆದರೆ ನನಗೆ ಅರ್ಥವಾಗುವ ಕಾರಣ ಆ ಮೊರ ಕೆಳಗಿಟ್ಟ ಕ್ಷಣದಲ್ಲಿದೆ. ಅವಕಾಶ ಸಿಕ್ಕಿದ ಕೂಡಲೇ ಹೆಂಗಸರು ಕಡಿಮೆ ಹೆತ್ತರು. ಅವರಿಗೆ ಯಾವ ಘೋಷಣೆಯೂ ಬೇಕಿರಲಿಲ್ಲ.

ಹಾಗಿದ್ದರೆ ಜನಸಂಖ್ಯೆ ಇನ್ನೂ ಏಕೆ ಏರುತ್ತಿದೆ ಎಂದು ಕೇಳುವವರಿದ್ದಾರೆ, ಕೇಳುವುದು ಸಹಜ. 2023ರಲ್ಲಿ ಭಾರತ ಚೀನಾವನ್ನು ದಾಟಿತು. ವಿಶ್ವಸಂಸ್ಥೆಯ ಅಂದಾಜಿನಂತೆ ನಮ್ಮ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿಗೆ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. ಹಿಂದಿನ ತಲೆಮಾರುಗಳಲ್ಲಿ ಹೆಚ್ಚು ಮಕ್ಕಳು ಹುಟ್ಟಿದ್ದರಿಂದ ಈಗ ಹೆರುವ ವಯಸ್ಸಿನವರ ಸಂಖ್ಯೆಯೇ ದೊಡ್ಡದು. ಅವರು ತಲೆಗೆ ಒಂದೋ ಎರಡೋ ಹೆತ್ತರೂ ಒಟ್ಟು ಹುಟ್ಟುಗಳು ಸಾವುಗಳಿಗಿಂತ ಹೆಚ್ಚೇ ಆಗುತ್ತವೆ. ಬಚ್ಚಲೊಲೆಯ ಬೆಂಕಿ ಎಳೆದ ಮೇಲೂ ಹಂಡೆಯ ನೀರು ಬಹಳ ಹೊತ್ತು ಕಾದೇ ಇರುವ ಹಾಗೆ ಇದು. ನೀರಿನ ಬಿಸಿ ನೋಡಿ ಬೆಂಕಿ ಇನ್ನೂ ಉರಿಯುತ್ತಿದೆ ಎಂದು ಕೂಗುವುದು ತಪ್ಪು, ಬೆಂಕಿ ಆರಿದ್ದನ್ನು ನೋಡಿ ನೀರು ಈಗಲೇ ತಣ್ಣಗಾಯಿತು ಎನ್ನುವುದೂ ತಪ್ಪು.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರು ಗಂಟೆಗೆ ಸಿಕ್ಕಿಕೊಂಡವರಿಗೆ ಜನ ಕಡಿಮೆಯಾಗುತ್ತಿದ್ದಾರೆ ಎಂದರೆ ಸಿಟ್ಟು ಬರುತ್ತದೆ. ನಾನೂ ಅಲ್ಲಿ ಎಷ್ಟೋ ಸಂಜೆ ಕಳೆದಿದ್ದೇನೆ. ಆದರೆ 2001ರಿಂದ 2011ರ ನಡುವಿನ ಜನಗಣತಿಯ ಅಂಕಿಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷದಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. ಕೊಡಗು ಹತ್ತು ವರ್ಷಕ್ಕೆ ನೂರಕ್ಕೆ ಒಂದರಷ್ಟು ಮಾತ್ರ ಬೆಳೆಯಿತು. ಬೆಂಗಳೂರಿನ ಹೆಂಗಸರು ಹೆಚ್ಚು ಹೆತ್ತದ್ದರಿಂದ ಆ ಊರು ಬೆಳೆದದ್ದಲ್ಲ. ಕೊಪ್ಪ, ಶೃಂಗೇರಿ, ಹಾಸನ, ಮಂಡ್ಯ, ರಾಯಚೂರು, ಕಲಬುರಗಿಗಳಿಂದ, ಬಿಹಾರ, ಒಡಿಶಾ, ಅಸ್ಸಾಮಿನಿಂದ ಹೊರಟ ಬಸ್ಸು ರೈಲುಗಳು ಅಲ್ಲಿ ನಿಂತವು. 1798ರಲ್ಲಿ ಮಾಲ್ಥಸ್ ಎಂಬ ಇಂಗ್ಲೆಂಡಿನ ಪಾದ್ರಿ ಬಾಯಿಗಳು ಬೆಳೆಯುವ ವೇಗಕ್ಕೆ ಅನ್ನ ಬೆಳೆಯದು ಎಂದು ಹೆದರಿದ ಕಾಲದಿಂದ ಇಂದಿನವರೆಗೂ, ಜನ ಹೆಚ್ಚಾದರು ಎಂಬ ಮಾತಿನ ಹಿಂದೆ ಬಹುಪಾಲು ಇರುವುದು ‘ಆ ಜನ’ ಹೆಚ್ಚಾದರು ಎಂಬ ಭಾವ: ಬಡವರು, ಬೇರೆ ಧರ್ಮದವರು, ಹೊರಗಿನಿಂದ ಬಂದವರು. ನಮ್ಮ ನೆಲ ಜಲದ ಮೇಲಿನ ಭಾರ ತಲೆಗಳ ಸಂಖ್ಯೆಯಿಂದಷ್ಟೇ ಬರುವುದಿಲ್ಲ, ಒಂದೊಂದು ತಲೆ ಎಷ್ಟು ಬಳಸುತ್ತದೆ ಎಂಬುದರಿಂದಲೂ ಬರುತ್ತದೆ. ಒಂದೇ ಮಗುವಿನ, ಮೂರು ಎಸಿ ಎರಡು ಕಾರುಗಳ ನಮ್ಮ ಅಪಾರ್ಟ್‌ಮೆಂಟಿನ ಸಂಸಾರಗಳು ಐದು ಮಕ್ಕಳ ಕೂಲಿಯವನ ಸಂಸಾರವನ್ನು ಭೂಮಿಗೆ ಭಾರ ಎನ್ನುವುದನ್ನು ನಾನು ಒಪ್ಪಲಾರೆ.

ಚಿಕ್ಕಮಗಳೂರಿನ ಆ ಇಳಿಕೆಯನ್ನು ಅಂಕಿಯಾಗಿ ಓದುವುದು ಬೇರೆ, ಊರಿನಲ್ಲಿದ್ದುಕೊಂಡು ನೋಡುವುದು ಬೇರೆ. ನಾನು ಓದಿದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾವು ಅರವತ್ತು ಮಕ್ಕಳಿದ್ದೆವು. ಕೊನೆಕೊನೆಗೆ ನಾಲ್ಕು ಮಕ್ಕಳಾಗಿ, ಆರು ವರ್ಷದ ಹಿಂದೆ ಬೀಗ ಬಿತ್ತು. ಮಕ್ಕಳು ಹುಟ್ಟದೇ ಇದ್ದದ್ದು ಒಂದು ಕಾರಣ. ಇರುವ ಮಕ್ಕಳೂ ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋದದ್ದು ಇನ್ನೊಂದು.

ತೋಟದ ಸ್ಥಿತಿ ಇನ್ನೂ ಕಣ್ಣಿಗೆ ರಾಚುತ್ತದೆ. ನಮ್ಮ ಅಡಿಕೆ ಕೊಯ್ಯುವವರಿಗೆ ಈಗ 67 ವರ್ಷ. ಹದಿನಾಲ್ಕನೆಯ ವಯಸ್ಸಿಗೆ ತಂದೆಯ ಜೊತೆ ಮರ ಹತ್ತಲು ಕಲಿತವರು, ಕಾಲಿಗೆ ತಳೆ ಹಾಕಿಕೊಂಡು ಐವತ್ತು ಅಡಿ ಏರಿ, ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ಬಾಗಿ ದಾಟಿ, ಕೆಳಗಿಳಿಯದೆ ಹತ್ತಾರು ಮರ ಮುಗಿಸುತ್ತಿದ್ದರು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವುದೂ ಅವರೇ. ಹೋದ ವರ್ಷ ಕೊಯ್ಲಿನ ಹೊತ್ತಿಗೆ ಅವರು ಮರದ ಬುಡಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ಮೇಲೆ ನೋಡಿದರು. ಆಮೇಲೆ ತಳೆಯನ್ನು ಕಾಲಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ‘ಇನ್ನು ಆಗಲ್ಲ ಅಮ್ಮ. ಮಂಡಿ ಹಿಡಿಯಲ್ಲ’ ಎಂದರು. ಮಗನಿಗೆ ಕಲಿಸಲಿಲ್ಲವೇ ಎಂದು ಕೇಳಿದ್ದಕ್ಕೆ, ‘ಅವ್ನು ಬೆಂಗ್ಳೂರಲ್ಲಿ ಕಾರ್ ಓಡಿಸ್ತಾನೆ. ಅವ್ನು ಹತ್ತೋದು ಬೇಡ, ನಾನು ಬಿದ್ದಿದ್ದು ಸಾಕು’ ಎಂದರು. ಈಗ ಬೇರೆ ಊರಿನಿಂದ ಇಬ್ಬರು ಹುಡುಗರು ಕಾರ್ಬನ್ ಫೈಬರ್ ದೋಟಿ ಹಿಡಿದು ಬರುತ್ತಾರೆ, ನೆಲದಲ್ಲಿಯೇ ನಿಂತು ಅಡಿಕೆಯ ಗೊನೆ, ನಮ್ಮ ಕಡೆಯ ಮಾತಿನಲ್ಲಿ ಕೊನೆ, ಇಳಿಸುತ್ತಾರೆ. ಯಂತ್ರ ಬಂದದ್ದು ಒಳ್ಳೆಯದೇ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೂವರನ್ನು ನಮ್ಮ ಊರೊಂದರಲ್ಲಿಯೇ ನಾನು ಕಂಡಿದ್ದೇನೆ. ಆದರೆ ಅಡಿಕೆಯ ಕೊನೆಯನ್ನು ದೋಟಿಯಿಂದ ಇಳಿಸಬಹುದು. ಮಂಚದಿಂದ ಅಮ್ಮನನ್ನು ಎಬ್ಬಿಸಿ ಕೂರಿಸಲು ಇನ್ನೊಬ್ಬ ಮನುಷ್ಯರೇ ಬೇಕು.

2011ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ 60 ದಾಟಿದವರು ನೂರಕ್ಕೆ 9.5ರಷ್ಟಿದ್ದರು, ಕೇರಳದಲ್ಲಿ 12.6. ಈ ಹದಿನೈದು ವರ್ಷಗಳಲ್ಲಿ ಆ ಪಾಲು ಎಲ್ಲೆಡೆ ಏರಿದೆ, ಮಲೆನಾಡಿನ ಹಳ್ಳಿಗಳಲ್ಲಿ ಬರಿಗಣ್ಣಿಗೇ ಕಾಣುವಷ್ಟು ಏರಿದೆ. ಫ್ರಾನ್ಸಿನಲ್ಲಿ 65 ದಾಟಿದವರ ಪಾಲು ನೂರಕ್ಕೆ ಏಳರಿಂದ ಹದಿನಾಲ್ಕಕ್ಕೆ ಏರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಆ ದೇಶ ಶ್ರೀಮಂತವಾಗಿ, ಪಿಂಚಣಿ, ಆಸ್ಪತ್ರೆ, ವೃದ್ಧರ ಆರೈಕೆಯ ವ್ಯವಸ್ಥೆಗಳನ್ನು ಕಟ್ಟಿಕೊಂಡಿತು. ನಮಗೆ ಅಷ್ಟು ಕಾಲಾವಕಾಶವಿಲ್ಲ. ಒಂದೆರಡು ತಲೆಮಾರಿನೊಳಗೆ ನಾವು ಅದೇ ದೂರವನ್ನು ಕ್ರಮಿಸಲಿದ್ದೇವೆ, ಅದೂ ದುಡಿಯುವವರಲ್ಲಿ ಬಹುಪಾಲು ಜನರಿಗೆ ನಿವೃತ್ತಿ ವೇತನವೆಂಬುದೇ ಇಲ್ಲದ ಸ್ಥಿತಿಯಲ್ಲಿ. ಮರ ಹತ್ತಿ ಐವತ್ತು ವರ್ಷ ದುಡಿದವರಿಗೆ ಈಗ ಸಿಗುವುದು ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳಿಗೆ 1,200 ರೂಪಾಯಿ. ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರ್ಕಾರ 60ರಿಂದ 79 ವಯಸ್ಸಿನವರಿಗೆ ಕೊಡುವ ಪಾಲು 200 ರೂಪಾಯಿ. 2007ರಿಂದ ಅದು ಬದಲಾಗಿಲ್ಲ. ಅದೇ ವರ್ಷ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ, ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ ದೂರು ಕೊಡುವ ಹಕ್ಕನ್ನು ತಂದೆತಾಯಿಗೆ ಕೊಟ್ಟಿದೆ. ಕಾಯ್ದೆ ಬೇಕಾಗಿತ್ತು. ಆದರೆ ನೋಡಿಕೊಳ್ಳಲು ಮನಸ್ಸಿದ್ದೂ ನೋಡಿಕೊಳ್ಳಲಾಗದ ಮಕ್ಕಳ ಬಗ್ಗೆ, ಅಂದರೆ ನನ್ನಂಥವರ ಬಗ್ಗೆ, ಅದು ಏನನ್ನೂ ಹೇಳುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚು ಮಕ್ಕಳನ್ನು ಹೆರಿ ಎಂಬ ಕರೆಗಳು ದಕ್ಷಿಣದಲ್ಲಿ ಕೇಳಿಬರುತ್ತಿವೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಆಂಧ್ರಪ್ರದೇಶ 2024ರಲ್ಲಿ ತೆಗೆದುಹಾಕಿತು, ಅಲ್ಲಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳಿರಲಿ ಎಂದು ಬಹಿರಂಗವಾಗಿಯೇ ಹೇಳುತ್ತಿದ್ದಾರೆ. ಇದರ ಹಿಂದಿನ ಆತಂಕ ಸುಳ್ಳಲ್ಲ. ಕುಟುಂಬ ಯೋಜನೆಯನ್ನು ಚೆನ್ನಾಗಿ ಜಾರಿಗೆ ತಂದ ರಾಜ್ಯಗಳಿಗೆ ನಷ್ಟವಾಗಬಾರದೆಂದೇ 1976ರ 42ನೇ ತಿದ್ದುಪಡಿ ಲೋಕಸಭೆಯ ಸ್ಥಾನ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತ್ತು. ಆ ಕಟ್ಟು 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ. 543ರಲ್ಲಿ 28 ಸ್ಥಾನಗಳಿರುವ ಕರ್ನಾಟಕದ ದನಿ ನಾಳೆ ಎಷ್ಟು ಕ್ಷೀಣವಾಗಬಹುದು ಎಂಬ ಚಿಂತೆ ನನಗೂ ಇದೆ. ತೆರಿಗೆ ಹಂಚಿಕೆಯಲ್ಲಿ 14ನೇ ಹಣಕಾಸು ಆಯೋಗ ನಮಗೆ ಕೊಟ್ಟಿದ್ದ ನೂರಕ್ಕೆ 4.713ರ ಪಾಲು 15ನೇ ಆಯೋಗದಲ್ಲಿ 3.647ಕ್ಕೆ ಕುಸಿಯಿತು. ತಲಾ ಆದಾಯದ ಲೆಕ್ಕವೇ ಅದಕ್ಕೆ ಮುಖ್ಯ ಕಾರಣವಾದರೂ, 1971ರ ಜನಸಂಖ್ಯೆಯನ್ನು ಕೈಬಿಟ್ಟು 2011ರದನ್ನು ಹಿಡಿದದ್ದೂ ಸೇರಿತ್ತು. ಇದು ಅನ್ಯಾಯ, ಇದನ್ನು ಸಂಸತ್ತಿನಲ್ಲಿ, ಆಯೋಗದ ಮುಂದೆ, ಬೀದಿಯಲ್ಲಿ ಪ್ರತಿಭಟಿಸಬೇಕು. ಆದರೆ ದೆಹಲಿಯ ಲೆಕ್ಕದಲ್ಲಿ ಆದ ಕೊರತೆಯನ್ನು ನನ್ನ ಮಗಳ ಗರ್ಭದಿಂದ ತುಂಬಿಸಿಕೊಡಿ ಎಂದು ಕೇಳುವ ಅಧಿಕಾರ ಯಾವ ಮುಖ್ಯಮಂತ್ರಿಗೂ ಇಲ್ಲ. ಅವಳ ಅಜ್ಜಿಯ ಗರ್ಭವನ್ನು ದೇಶದ ಪ್ರಗತಿಗೆ ಅಡ್ಡಿ ಎಂದವರಿಗೂ ಇರಲಿಲ್ಲ.

ಹಾಗೆ ಕೇಳಿದರೂ ಅದು ಆಗುವುದಿಲ್ಲ. ದಕ್ಷಿಣ ಕೊರಿಯಾ ವರ್ಷಗಟ್ಟಲೆ ಹಣ ಸುರಿದರೂ 2023ರಲ್ಲಿ ಅಲ್ಲಿ ಒಬ್ಬ ಹೆಣ್ಣುಮಗಳಿಗೆ ಮಕ್ಕಳ ಸರಾಸರಿ 0.72ಕ್ಕೆ ಇಳಿದಿತ್ತು. ಮೂರೂವರೆ ದಶಕ ಒಂದೇ ಮಗು ಸಾಕು ಎಂದು ಹಿಡಿದು ಕೂರಿಸಿದ ಚೀನಾ, 2021ರಲ್ಲಿ ಮೂರು ಹೆರಬಹುದು ಎಂದ ಮೇಲೂ 2022ರಿಂದ ಕುಗ್ಗುತ್ತಲೇ ಇದೆ. ಅಲ್ಲಿನ ಹೆಣ್ಣುಮಕ್ಕಳು ಹೇಳುವುದನ್ನು ಓದಿದರೆ ಬೆಂಗಳೂರಿನ ನನ್ನ ಮಗಳ ಗೆಳತಿಯರ ಮಾತು ಕೇಳಿದಂತೆಯೇ ಆಗುತ್ತದೆ. ರಾತ್ರಿ ಎಂಟಕ್ಕೆ ಮುಗಿಯುವ ಕೆಲಸ, ಸಂಬಳದ ಅರ್ಧ ನುಂಗುವ ಬಾಡಿಗೆ, ಮಗುವಾದರೆ ಕೆಲಸ ಬಿಡಬೇಕಾದವಳು ತಾನೇ ಎಂಬ ಅರಿವು. ಅವರಲ್ಲಿ ಒಬ್ಬಳು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದು ನನಗೆ ಇಂದಿಗೂ ನಾಟಿದೆ: ‘ಆಂಟಿ, ನನಗೆ ಬಾಣಂತನ ಮಾಡೋರು ಯಾರು? ಅಮ್ಮನಿಗೇ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್.’

ಈ ಇಳಿಕೆಯೊಳಗೆ ಇನ್ನೊಂದು ಕರಾಳ ಸಂಗತಿ ಹುದುಗಿದೆ. ಮಕ್ಕಳು ಕಡಿಮೆ ಸಾಕು ಎಂದು ಒಪ್ಪಿದ ಸಮಾಜ ಗಂಡು ಬೇಕೇಬೇಕು ಎಂಬುದನ್ನು ಬಿಡಲಿಲ್ಲ. ಸೊನ್ನೆಯಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣಿನ ಸಂಖ್ಯೆ ಕರ್ನಾಟಕದಲ್ಲಿ 1991ರಲ್ಲಿ 960 ಇದ್ದದ್ದು 2011ರಲ್ಲಿ 948. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ ಹೆಣ್ಣು ಸಿಗದ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಅದೇ ವರ್ಷದ ಕೊನೆಗೆ ಅದೇ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣ ಹೆಣ್ಣೋ ಗಂಡೋ ಎಂದು ನೋಡುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಕೂಸುಗಳ ಮರಣಪತ್ರ ಬರೆಯುತ್ತಿದ್ದರು. ಈ ಎರಡು ಸುದ್ದಿಗಳನ್ನು ಬೇರೆಬೇರೆಯಾಗಿ ಓದಲು ನನಗೆ ಸಾಧ್ಯವಾಗಲಿಲ್ಲ.

ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಅಣ್ಣ ನ್ಯೂಜೆರ್ಸಿಯಲ್ಲಿದ್ದಾನೆ, ನಾನು ಬೆಂಗಳೂರಿನ ಕೆಲಸದಿಂದ ತಿಂಗಳಿಗೆರಡು ಬಾರಿ ರಾತ್ರಿ ಬಸ್ಸು ಹತ್ತಿ ಬರುತ್ತೇನೆ. ಅಮ್ಮನನ್ನು ನೋಡಿಕೊಳ್ಳುವುದು ಲಿಂಗಸುಗೂರು ಕಡೆಯ 29 ವರ್ಷದ ಒಬ್ಬ ಹೆಣ್ಣುಮಗಳು. ತಿಂಗಳಿಗೆ 18,000 ರೂಪಾಯಿ. ಅದರಲ್ಲಿ ಏಜೆನ್ಸಿಯವರು ಹಿಡಿದುಕೊಂಡು ಉಳಿದದ್ದು ಅವಳಿಗೆ. ಹದಿನೇಳಕ್ಕೆ ಮದುವೆ, ಎರಡು ಹೆಣ್ಣು ಆದ ಮೇಲೆ ಒಂದು ಗಂಡು, ಇಪ್ಪತ್ಮೂರಕ್ಕೆ ಆಪರೇಷನ್. ಮಳೆ ಕೈಕೊಟ್ಟ ವರ್ಷ ಗಂಡ ಪುಣೆಗೆ ಕಟ್ಟಡ ಕೆಲಸಕ್ಕೆ ಹೋದ, ಇವಳು ನರ್ಸ್ ಎಂಬ ಹೆಸರಿನಲ್ಲಿ ಇತ್ತ ಬಂದಳು. ಮೂರು ಮಕ್ಕಳನ್ನು ಊರಿನಲ್ಲಿ ನೋಡಿಕೊಳ್ಳುತ್ತಿರುವುದು ಇವಳ ತಾಯಿ. ಜನಸಂಖ್ಯಾ ಸ್ಫೋಟ ಎಂದು ನಾನು ಶಾಲೆಯಲ್ಲಿ ಪ್ರಬಂಧ ಬರೆದದ್ದು ಇಂಥವರನ್ನು ಕುರಿತೇ. ನಮ್ಮ ತಾಯಿಯ ಮುಪ್ಪು ಈಗ ನಿಂತಿರುವುದು ಆಕೆಯ ತೋಳಿನ ಮೇಲೆ, ಆಕೆಯ ತೋಳು ಬಿಡುವಾಗಿರುವುದು ಅಲ್ಲೊಬ್ಬ ಮುದುಕಿ ಮೂರು ಮೊಮ್ಮಕ್ಕಳಿಗೆ ಬೇಯಿಸಿ ಹಾಕುತ್ತಿರುವುದರಿಂದ. ಆ ಮುದುಕಿ ಹಾಸಿಗೆ ಹಿಡಿದ ದಿನ ಯಾರು ಯಾರನ್ನು ನೋಡಿಕೊಳ್ಳಬೇಕು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ, ಯಾವ ಯೋಜನೆಯಲ್ಲಿಯೂ ನನಗೆ ಸಿಗಲಿಲ್ಲ.

ಕೂಸು ಹೆತ್ತವಳ ಆರೈಕೆಗೆ ನಮ್ಮ ಭಾಷೆಯಲ್ಲಿ ಬಾಣಂತನ ಎಂಬ ಎಷ್ಟು ತುಂಬಿದ ಮಾತಿದೆ. ಅದರೊಳಗೆ ಎಣ್ಣೆ, ನೀರು, ಕಷಾಯ, ಲೇಹ್ಯ, ಪಥ್ಯ, ಬೆಂಕಿ ಎಲ್ಲವೂ ಇದೆ. ಎಷ್ಟು ದಿನ, ಯಾರು ಮಾಡಬೇಕು, ಏನು ಕೊಟ್ಟು ಕಳುಹಿಸಬೇಕು ಎಂಬುದೂ ಇದೆ. ಮುಪ್ಪಾದವರ ಆರೈಕೆಗೆ ಅಂಥದೊಂದು ಮಾತು ನಮಗೆ ಹುಟ್ಟಲಿಲ್ಲ. ನೋಡಿಕೊಳ್ಳುವುದು ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಬಹುಶಃ ಅಷ್ಟು ದೀರ್ಘವಾದ ಮುಪ್ಪನ್ನು ನಮ್ಮ ಹಿಂದಿನವರು ಹೆಚ್ಚು ಕಂಡಿರಲಿಲ್ಲ, ಕಂಡವರ ಮನೆಯಲ್ಲಿ ಸೊಸೆಯಂದಿರಿಗೆ ಕೊರತೆಯಿರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಆ ಹೆಣ್ಣುಮಗಳು ಕೋಣೆಯ ಬಾಗಿಲಲ್ಲಿ ನಿಂತು, ‘ಅಜ್ಜೀ, ಏಳ್ರಿ, ನೀರು ಕಾದಾವು’ ಎನ್ನುತ್ತಾಳೆ. ಅಮ್ಮನ ಎರಡೂ ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತಾಳೆ. ಅಮ್ಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾ, ಎಣ್ಣೆ ಎಷ್ಟು ಬಿಸಿಯಿರಬೇಕು, ತಲೆಯನ್ನು ಯಾವ ಕಡೆಯಿಂದ ತಿಕ್ಕಬೇಕು, ನೀರನ್ನು ಎಷ್ಟು ಎತ್ತರದಿಂದ ಹೊಯ್ಯಬೇಕು ಎಂದು ಅವಳಿಗೆ ಹೇಳಿಕೊಡುತ್ತಾಳೆ. ನನಗೆ ಮಾಡಿದ್ದ ಬಾಣಂತನದ ಒಂದೊಂದು ಕ್ರಮವೂ ಹಾಗೆಯೇ ಅವಳ ಬಾಯಲ್ಲಿ ಬರುತ್ತದೆ.

2011ರ ಫೆಬ್ರವರಿಯಲ್ಲಿ ಜನಗಣತಿಗೆಂದು ನಮ್ಮ ಮನೆಗೆ ಬಂದವರು ಈಗ ಬೀಗ ಬಿದ್ದಿರುವ ಆ ಶಾಲೆಯ ಮೇಷ್ಟ್ರು. ಆಗ ಅಜ್ಜಿಗೆ 89. ಮನೆಯಲ್ಲಿದ್ದವರು ಅಪ್ಪ, ಅಮ್ಮ, ಅಜ್ಜಿ ಮೂವರೇ. ನಾನೂ ರಜೆ ಹಾಕಿ ಬಂದಿದ್ದೆ. ಹೆಂಗಸರಿಗೆ ಕೇಳುವ ಪ್ರಶ್ನೆಗಳಲ್ಲಿ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಎರಡು ಪ್ರಶ್ನೆಗಳಿದ್ದವು. ಮೊದಲನೆಯದಕ್ಕೆ ಅಜ್ಜಿ ತಡವಿಲ್ಲದೆ ‘ಒಂಬತ್ತು’ ಎಂದಳು. ಎರಡನೆಯದಕ್ಕೆ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ, ಹೆಸರಿಟ್ಟಿದ್ದವು, ಹೆಸರಿಡುವ ಮೊದಲೇ ಹೋದವು ಎಂದು ಬಾಯೊಳಗೇ ಎಣಿಸಿ, ಬಹಳ ಹೊತ್ತಿನ ಮೇಲೆ ‘ಐದು’ ಎಂದಳು. ಮೇಷ್ಟ್ರು ಅಲ್ಲಿಯವರೆಗೂ ಪೆನ್ನು ಎತ್ತಿ ಹಿಡಿದುಕೊಂಡೇ ಕಾದಿದ್ದರು.

ಹದಿನಾರು ವರ್ಷಗಳ ನಂತರ ಮುಂದಿನ ಎಣಿಕೆ 2027ರ ಫೆಬ್ರವರಿಯಲ್ಲಿ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಹೋದ ಸಲ ಊರಿಗೆ ಹೋದಾಗ ಅಮ್ಮನಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ‘ನಿನ್ನ ಹೆಸರನ್ನೂ ಇಲ್ಲಿಯೇ ಬರೆಸಬಹುದಾ ಪುಟ್ಟಿ?’ ಎಂದು ಕೇಳಿದಳು. ಎಣಿಕೆಯ ಹೊತ್ತಿಗೆ ಯಾರು ಎಲ್ಲಿ ವಾಸವಾಗಿರುತ್ತಾರೋ ಅಲ್ಲಿಯೇ ಬರೆಯುತ್ತಾರೆ, ನಾನು ಬೆಂಗಳೂರಿನ ಲೆಕ್ಕಕ್ಕೆ ಹೋಗುತ್ತೇನೆ ಎಂದೆ. ಅಮ್ಮ ಏನೂ ಹೇಳಲಿಲ್ಲ. ಬಾಗಿಲ ಬಳಿ ಕೂತು ಫೋನಿನಲ್ಲಿ ಮಗನ ಮುಖ ನೋಡುತ್ತಿದ್ದ ಆ ಹೆಣ್ಣುಮಗಳ ಕಡೆಗೆ ತಿರುಗಿ, ‘ಹಾಗಾದ್ರೆ ಇವಳದ್ದು ಬರೆಸ್ತೀನಿ. ಇವಳ ಪೂರ್ತಿ ಹೆಸರು ಏನು ಅಂತ ಒಂದು ಚೀಟೀಲಿ ಬರೆದಿಡು’ ಎಂದಳು.